ಸೆಟ್ ದೋಸೆಯ ಸೆಟ್ಟೇ ಬೇರೆ, ಸಿಮೆಂಟಿನ ಸೆಟ್ಟೇ ಬೇರೆ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು? ಮೊದಲೆಲ್ಲ ಕ್ವಿಜ್‌ಗಳಲ್ಲಿ ಈ ಪ್ರಶ್ನೆ ಕೇಳುತ್ತಿದ್ದರು. ಉತ್ತರ ‘ಸೆಟ್’. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಬರೀ ಕ್ರಿಯಾಪದಕ್ಕೇ 430 ಅರ್ಥ ಕೊಟ್ಟಿದ್ದಾರೆ. ನುಡಿಗಟ್ಟುಗಳನ್ನೂ ಸೇರಿಸಿದರೆ ಸುಮಾರು 580. ವಿವರಿಸೋಕೆ 60,000 ಪದ ಬೇಕಾಯಿತಂತೆ. ಒಂದು ಕಾದಂಬರಿಯೇ ಆಯ್ತಲ್ಲ! ಈಚೆಗೆ ‘ರನ್’ 645 ಅರ್ಥ ಇಟ್ಟುಕೊಂಡು ಮುಂದೆ ಹೋಗಿದೆ. ಹೋಗಲಿ. ನಮ್ಮಲ್ಲಿ ‘ರನ್’ ಕ್ರಿಕೆಟ್ ಮೈದಾನ ಬಿಟ್ಟು ಹೊರಗೆ ಅಷ್ಟಾಗಿ ಓಡಾಡುವುದಿಲ್ಲ. ‘ಸೆಟ್’ ಹೋಗದ ಜಾಗವೇ ಇಲ್ಲ.

ಹೋಟೆಲಿನಲ್ಲಿ ಸೆಟ್ ದೋಸೆ. ಚಿನ್ನದಂಗಡಿಯಲ್ಲಿ ನೆಕ್ಲೇಸ್ ಸೆಟ್. ಮದುವೆಗೆ ಬ್ಯಾಂಡ್‌ಸೆಟ್, ಜಾತ್ರೆಗೆ ಮೈಕ್‌ಸೆಟ್. ತೋಟಕ್ಕೆ ಪಂಪ್‌ಸೆಟ್. ವಿದ್ಯುತ್ ಇಲಾಖೆಯ ಕಾಗದದಲ್ಲಿ ಅದೇ ‘ಐಪಿ ಸೆಟ್’. 10 ಎಚ್‌ಪಿವರೆಗೆ ರೈತರಿಗೆ ಕರೆಂಟ್ ಉಚಿತ ಇರೋದರಿಂದ ವಿಧಾನಸಭೆಯಲ್ಲೂ ಈ ಪದ ಸಾಕಷ್ಟು ಸದ್ದು ಮಾಡುತ್ತದೆ. ಇವೆಲ್ಲ ಈಗ ಕನ್ನಡದ ಪದಗಳೇ. ‘ನೀರೆತ್ತುವ ಯಂತ್ರ’ ಅಂತ ಹೇಳಿ ನೋಡಿ, ರೈತರೇ ನಗುತ್ತಾರೆ.

ನನಗೆ ಬಹಳ ಇಷ್ಟವಾಗೋದು ಸಿನಿಮಾ ಸುದ್ದಿಯವರ ‘ಸೆಟ್ಟೇರಿತು’. ಹೊಸ ಚಿತ್ರ ಸೆಟ್ಟೇರಿತು. ಇಂಗ್ಲಿಷಿನವರಲ್ಲಿ ಇಂಥ ಮಾತೇ ಇಲ್ಲ. ಹಸೆಮಣೆ ಏರೋದು, ಗದ್ದುಗೆ ಏರೋದು ನಮ್ಮಲ್ಲಿ ಇತ್ತಲ್ಲ, ಅದರ ಪಕ್ಕದಲ್ಲೇ ಇದಕ್ಕೂ ಜಾಗ ಮಾಡಿಕೊಟ್ಟೆವು. ಸಾಲ ತಂದರೂ ಹೀಗೆ ತರಬೇಕು.

ತಮಾಷೆ ಏನು ಗೊತ್ತಾ? ಇಂಗ್ಲಿಷಿನಲ್ಲೇ ಈ ಸೆಟ್ ಒಂದು ಪದ ಅಲ್ಲ, ಎರಡು. ಕ್ರಿಯಾಪದ ಹಳೇ ಇಂಗ್ಲಿಷಿನ ‘ಸೆಟ್ಟನ್’ನಿಂದ ಬಂದದ್ದು. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ನಾವು ಗಣಪತಿ ಕೂರಿಸುತ್ತೇವೆ, ದಸರಾಕ್ಕೆ ಗೊಂಬೆ ಕೂರಿಸುತ್ತೇವೆ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ. ಅಲ್ಲಿಯವರೂ ಹರಳಿಗೆ ಸೆಟ್ ಅಂತಲೇ ಹೇಳುತ್ತಾರೆ. ಗುಂಪು, ಜೊತೆ ಅನ್ನುವ ಅರ್ಥದ ಸೆಟ್ ಬೇರೆ ಮನೆತನದ್ದು. ಲ್ಯಾಟಿನ್ನಿನ ‘ಸೆಕ್ಟ’ ಫ್ರೆಂಚ್ ದಾರಿಯಲ್ಲಿ ಬಂದು ಸೆಟ್ ಆಯಿತು. ಪಂಥ ಅನ್ನುವ ‘ಸೆಕ್ಟ್’ ಕೂಡ ಅದೇ ಬೇರಿನದು. ಅಂದರೆ ನಿಮ್ಮ ತಟ್ಟೆಯಲ್ಲಿರುವ ಮೂರೂ ದೋಸೆ ಒಂದೇ ಪಂಥದವು! ಕೆಲವು ಹೋಟೆಲ್‌ಗಳು ಈಗ ಎರಡೇ ಕೊಟ್ಟು ಸೆಟ್ ಅನ್ನುತ್ತವೆ. ಅದರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.

ಸಿಮೆಂಟಿನದು ‘ಕೂರಿಸು’ ಕಡೆಯ ಸೆಟ್. ಹೊಸ ನೆಲದ ಹತ್ತಿರ ಹೋದರೆ ಗಾರೆ ಕೆಲಸದವರು ಕೂಗುತ್ತಾರೆ: “ಸಾರ್, ಕಾಲಿಡ್ಬೇಡಿ, ಇನ್ನೂ ಸೆಟ್ ಆಗಿಲ್ಲ.” ಸುಮ್ನೆ ಬಾಯಿಗೆ ಬಂದ ಪದ ಅಲ್ಲ ಅದು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ನೀರು ಬೆರೆಸಿದ 30 ನಿಮಿಷದೊಳಗೆ ಸೆಟ್ ಆಗೋಕೆ ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಆಗಿರಬೇಕು. ನಮ್ಮ ದೇಶದ ಮಾನಕವೇ ಹಾಗಿದೆ. ಬೇಗ ಬಿಗಿಯಬಾರದು ಅಂತ ಫ್ಯಾಕ್ಟರಿಯಲ್ಲೇ ಜಿಪ್ಸಂ ಹಾಕಿರುತ್ತಾರೆ. ಸೆಟ್ ಆಗೋದು ಬೇರೆ, ಗಟ್ಟಿಯಾಗೋದು ಬೇರೆ. ಅದಕ್ಕೇ ಆಮೇಲೂ ದಿನಗಟ್ಟಲೆ ನೀರು ಹೊಡೆಯೋದು. ಇಲ್ಲಿ ‘ಸೆಟ್’ ತೆಗೆದು ಬೇರೆ ಪದ ಹಾಕಿ ಅಂದರೆ ನಾನೂ ಒಪ್ಪುವುದಿಲ್ಲ.

ನನ್ನ ತಕರಾರು ಇರೋದು ಒಂದೇ ಕಡೆ. ಮನುಷ್ಯರ ವಿಷಯದ ‘ಸೆಟ್ ಆಗು’. “ಈ ಊರು ನಂಗೆ ಸೆಟ್ ಆಗ್ತಿಲ್ಲ.” “ಆ ಕಲರ್ ನಿಂಗೆ ಸೆಟ್ ಆಗಲ್ಲ.” “ಅವರಿಬ್ಬರಿಗೂ ಸೆಟ್ ಆಗಲಿಲ್ಲ.” ಈ ಪ್ರಯೋಗ ಇಂಗ್ಲಿಷಿನದೂ ಅಲ್ಲ. ಲಂಡನ್ನಿನವರ ಮುಂದೆ ಹೀಗೆ ಹೇಳಿದರೆ ಮುಖ ಮುಖ ನೋಡುತ್ತಾರೆ. ನಾವೇ ಮಾಡಿಕೊಂಡದ್ದು, ಆದ್ದರಿಂದ ಬೈಯುವುದಿದ್ದರೂ ನಮ್ಮನ್ನೇ ಬೈದುಕೊಳ್ಳಬೇಕು. ಪಂಪ್‌ಸೆಟ್ ಬಂದಾಗ ಇಲ್ಲದ ವಸ್ತುವಿಗೆ ಒಂದು ಹೆಸರು ಬಂತು. ಇದು ಬಂದಾಗ ಇದ್ದ ಮಾತುಗಳು ಮೂಲೆಗೆ ಹೋದವು. ಬಣ್ಣ ಒಪ್ಪುತ್ತಿತ್ತು. ಹವೆ ಒಗ್ಗುತ್ತಿತ್ತು. ಜೋಡಿ ಹೊಂದುತ್ತಿತ್ತು. ಊಟ ಸೇರುತ್ತಿತ್ತು. ಕೆಲಸ ಹಿಡಿಸುತ್ತಿತ್ತು. ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತಿರಲಿಲ್ಲ. ‘ಹುಡುಗಿ ಒಪ್ಪಿದಳು’ ಅನ್ನೋದಕ್ಕೂ ‘ಹುಡುಗಿ ಸೆಟ್ ಆದಳು’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೆಯದರಲ್ಲಿ ಅವಳಿಗೊಂದು ಮನಸ್ಸಿದೆ.

ಹಾಸ್ಟೆಲ್ ಸೇರಿದ ಮಗಳು ಫೋನ್ ಮಾಡಿ “ಅಮ್ಮಾ, ಇಲ್ಲಿ ಸೆಟ್ ಆಗ್ತಿಲ್ಲ” ಅಂದರೆ ಆ ತಾಯಿ ಏನಂತ ತಿಳ್ಕೋಬೇಕು? ನೀರು ಒಗ್ಗಲಿಲ್ವಾ? ಊಟ ಸೇರ್ತಿಲ್ವಾ? ರೂಮಿನವರ ಜೊತೆ ಹೊಂದಾಣಿಕೆ ಇಲ್ವಾ? ಕೋರ್ಸೇ ಹಿಡಿಸಲಿಲ್ವಾ? ಒಂದಕ್ಕೆ ಫಿಲ್ಟರ್ ಸಾಕು. ಒಂದಕ್ಕೆ ಉಪ್ಪಿನಕಾಯಿ ಬಾಟ್ಲಿ ಕಳಿಸಿದರೆ ಮುಗೀತು. ಇನ್ನೊಂದಕ್ಕೆ ವಾರ್ಡನ್ ಹತ್ತಿರ ಮಾತಾಡಬೇಕು. ಕೊನೆಯದಕ್ಕೆ ಟಿಸಿಯೇ ಗತಿ.