ಆಳಂದ ಬಸ್ ಎಲ್ಲಿ ನಿಂದ್ರತದ್ರಿ?

ಕಲಬುರ್ಗಿ ಬಸ್‌ಸ್ಟ್ಯಾಂಡಿನಾಗ ಯಾರಿಗರೆ ಆಳಂದ ಬಸ್ ಎಲ್ಲಿ ನಿಂದ್ರತದ ಅಂತ ಕೇಳಿ ನೋಡ್ರಿ, ಬಾಯಾಗ ಗುಟ್ಕಾ ತುಂಬ್ಕೊಂಡಾಂವ ಸೈತ ಕೈ ಮಾಡಿ ತೋರಿಸ್ತಾನ, ಕೆಲವ್ರು ಬಸ್ ತನಾ ಬಂದು ಹತ್ತಿಸೇ ಹೋಗ್ತಾರ. ಪುಣ್ಯಾಕ್ಕ ಆ ಬಸ್‌ಸ್ಟ್ಯಾಂಡ್ ನಮ್ಮ ಓಪನ್ ಸೋರ್ಸ್ (ಯಾರರೆ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಪಂಡಿತರ ಕೈಯಾಗ ಇಲ್ಲ. ಇದ್ದಿದ್ರ, "ಬೋರ್ಡ್ ಓದೀರೇನು?" ಅಂತ ಒಬ್ಬ, "ಇದೇ ಪ್ರಶ್ನಿ ಹೋದ ವಾರ ಒಂದು ಮುದುಕಿ ಕೇಳಿ ಹೋಗ್ಯಾದ, ಹುಡುಕ್ರಿ" ಅಂತ ಇನ್ನೊಬ್ಬ, "ಆಳಂದಕ್ಕ ಯಾಕ ಹೊಂಟೀರಿ, ತಿಳದವ್ರು ಅಫಜಲಪುರಕ್ಕ ಹೋಗ್ತಾರ" ಅಂತ ಮತ್ತೊಬ್ಬ. ಅಷ್ಟರಾಗ ಬಸ್ ಹೋಗಿರ್ತದ. ಕಡೀಗಿ, "ಬಿಡಿಭಾಗ ಎಲ್ಲಾ ಇಲ್ಲೇ ಅವ, ನೀವೇ ಒಂದು ಬಸ್ ಕಟ್ಕೊಂಡು ಹೋಗ್ರಿ, ಫ್ರೀ ಅದ."

ಸುಳ್ಳಲ್ರಿ, ಕಣ್ಣಾರೆ ನೋಡೀನಿ. ಬ್ಯಾಸಿಗ್ಯಾಗ ಒಂದು ರವಿವಾರ ನಾವು ನಾಕೈದು ಮಂದಿ ಲಿನಕ್ಸ್ (ವಿಂಡೋಸ್ ಬದ್ಲಿ ಹಾಕ್ಕೊಳ್ಳೋ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್) ಹುಚ್ಚರು ಕೂಲರ್ ಮುಂದ ಮಿರ್ಚಿ ಭಜಿ ಇಟ್ಕೊಂಡು ಕೂತಿದ್ವಿ, ಜೇವರ್ಗಿ ಕಡಿ ಹುಡುಗ ಒಬ್ಬ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅರಬಿ ಅಂಗಡಿ ಚೀಲದಾಗ ಹಾಕ್ಕೊಂಡು ಬಂದ. ಲಿನಕ್ಸ್ ತಾನೇ ಹಾಕ್ಯಾನ, ವೈಫೈ ಹತ್ತಲ್ದು. ನಮ್ಮ ಹಿರಿಯರು ಭಜಿ ಕೆಳಗ ಇಡದೇ, "ಎಲ್ಲಾ ಇಂಟರ್ನೆಟ್‌ನಾಗ ಅದ, ನೋಡ್ಕೋ" ಅಂದ್ರು.

"ಸರ, ಇಂಟರ್ನೆಟ್ಟೇ ಬರ್ಲಾಕತ್ತಿಲ್ರಿ."

ಕೂಲರ್ ಸಪ್ಪಳ ಒಂದೇ ಕೇಳ್ತಿತ್ತು. ಆಮ್ಯಾಲ ಒಬ್ಬ ಡೆಬಿಯನ್ ಹಾಕು ಅಂದ, ಒಬ್ಬ ಆರ್ಚ್ ಅಂದ, ಎರಡೂ ಲಿನಕ್ಸಿನ ಬಗೀನೇ, ಆದ್ರೂ ಇಬ್ರೂ ಅರ್ಧ ತಾಸು ಜಗಳಾಡಿದ್ರು, ಹುಡುಗ ಚಾರ್ಜರ್ ಹಿಡ್ಕೊಂಡು ನಿಂತೇ ಇದ್ದ, ನಾನೂ ಏನು ಸಾಚಾ ಅಲ್ಲ, ಭಜಿ ತಿನ್ಕೋತ ಆರ್ಚ್ ಕಡಿ ಮಾತಾಡಿದೆ.

ಇವ್ರಿಗೆಲ್ಲಾ ಗುರು ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್. 1991ರ ಜುಲೈನಾಗ 21 ವರ್ಷದ ಆ ಹೆಲ್ಸಿಂಕಿ ಹುಡುಗ ನೆಟ್ ಮ್ಯಾಗ ಮಂದಿಗೆಲ್ಲಾ ಕೇಳಿದ್ದೇನು ಗೊತ್ತದ? ಪಾಸಿಕ್ಸ್ ನಿಯಮಗಳು (ಆಪರೇಟಿಂಗ್ ಸಿಸ್ಟಮ್ ಹೆಂಗ ಇರಬೇಕು ಅನ್ನೋ ಮಾನದಂಡ) ಎಲ್ಲಿ ಸಿಗ್ತಾವ್ರಿ ಅಂತ. ಅಂದ್ರ ಮ್ಯಾನ್ಯುಯಲ್ ಎಲ್ಲದ ಅಂತನೇ ಕೇಳ್ಯಾನ, ಅಂವಗ ನಮ್ಮವ್ರಂಗ "ಮ್ಯಾನ್ಯುಯಲ್ ಓದು" ಅಂದಿದ್ರ ಏನ್ ಮಾಡ್ತಿದ್ದ ಪಾಪ! ಆರಿ ಲೆಮ್ಕೆ ಅಂಬಾಂವ ಸರ್ವರ್‌ನಾಗ ಜಾಗಾ ಮಾಡಿಕೊಟ್ಟ, "ಲಿನಕ್ಸ್" ಅಂತ ಹೆಸರೂ ಅಂವನೇ ಇಟ್ಟ, ಆಗಿನ್ನಾ ಅಲ್ಲಿ ಇಡ್ಲಾಕ ಏನೂ ಇರ್ಲಿಲ್ಲ. ಮುಂದ ಟೊರ್ವಾಲ್ಡ್ಸ್ ಮಂದಿಗಿ ಬಾಯಿಗೆ ಬಂದಂಗ ಬೈದ ಖರೇ, 2018ರಾಗ ತಪ್ಪಾಯ್ತು ಅಂತ ಬಹಿರಂಗ ಹೇಳಿ ಸ್ವಲ್ಪ ದಿನ ರಜಾನೂ ಹಾಕ್ದ. ನಮ್ಮವ್ರು ಆ ಬೈಗುಳ ಅಷ್ಟೇ ಫೋರ್ಕ್ (ನಕಲು) ಮಾಡ್ಕೊಂಡಾರ, 2018ರ ಅಪ್‌ಡೇಟ್ ಇನ್ನಾ ಹಾಕ್ಕೊಂಡಿಲ್ಲ.

ಲ್ಯಾಪ್‌ಟಾಪ್ ಏನಾಯ್ತಂದ್ರ, ಮೂಲ್ಯಾಗ ಕೂತಿದ್ದ ಡಿಪ್ಲೊಮಾ ಹುಡುಗಿ, ತಾನೇ ಒಂದು ತಿಂಗಳ ಹಿಂದ ಕಲ್ತಾಕಿ, ಫೋನಿಗಿ ವೈರ್ ಚುಚ್ಚಿ ನೆಟ್ ಕೊಟ್ಟು ವೈಫೈ ಚಿಪ್ಪು ನಡೆಸೋ ಸಾಫ್ಟ್‌ವೇರ್, ಅಂದ್ರ ಡ್ರೈವರ್, ಇಳಿಸಿದ್ಳು. ಎರಡು ಮಿನಿಟು. "ಆದ್ರ ಅದು ಫ್ರೀ ಡ್ರೈವರ್ ಅಲ್ಲವ್ವಾ, ಕೋಡ್ ಮುಚ್ಚಿಟ್ಟಾರ" ಅಂತ ಹಿರಿಯರು ಮೈಲಿಗಿ ಆದವ್ರಂಗ ಸರದು ಕೂತ್ರು.

ಹುಡುಗ ಚೀಲ ಎತ್ಕೊಂಡು, ಜೇವರ್ಗಿ ಬಸ್ ಎಲ್ಲಿ ಹಿಡೀಬೇಕ್ರಿ ಸರ ಅಂದ. ಹಿರಿಯರು ಬಾಯಿ ತೆರಿಲಾಕತ್ತಿದ್ರು, ನಾ ಲಗೂನ ಗಾಡಿ ಕೀಲಿ ತಗೊಂಡು, "ನಡಿ ತಮ್ಮಾ, ಬಿಟ್ಟು ಬರ್ತೀನಿ" ಅಂದೆ.