ಕೆಂಪು ದೀಪ ಹತ್ತಿದ ಮ್ಯಾಲ ಎಂಥಾ ರೀಸ್ಟಾರ್ಟ್ ರೀ?

ಫೈಬರ್ ಇಂಟರ್ನೆಟ್ಟಿನ ಮೋಡೆಮ್ ಮ್ಯಾಲ ಎಲ್‌ಓಎಸ್ (ಲಾಸ್ ಆಫ್ ಸಿಗ್ನಲ್) ದೀಪ ಕೆಂಪಗ ಮಿಣಕತೈತಿ ಅಂದ್ರ ಗಾಜಿನ ಎಳಿ ವಾಯರಿನ್ಯಾಗ ಬೆಳಕ ಬರವಲ್ದು ಅಂತ ಅರ್ಥ. ಹತ್ತ ಸಲ ಬಂದ್ ಮಾಡಿ ಚಾಲೂ ಮಾಡಿದ್ರ ಬೆಳಕ ಎಲ್ಲಿಂದ ಹುಟ್ಟಬೇಕು? ಬಾಗಲಕೋಟಿ ನವನಗರದಾಗ ಯಾವ ಸೆಕ್ಟರಿನಿಂದ ಕಂಪನಿಗೆ ಫೋನ್ ಹಚ್ಚಿದ್ರೂ ಅದೊಂದ ಪಾಠ: "ಸರ್, ರೀಸ್ಟಾರ್ಟ್ ಮಾಡಿ ನೋಡ್ರಿ."

ಎರಡ ದಿನಾ ಬಿಟ್ಟ ಬರೋ ಹುಡುಗನ ಕಡೆ ಬೆಳಕ ಅಳಿಯೋ ಪವರ್ ಮೀಟರ್ ಇರಂಗಿಲ್ಲ. ಇದ್ರ "ಮೈನಸ್ 27 ಐತಿ, ನಡಿತೈತಿ" ಅಂತಾನ. ಏನ್ ನಡಿತೈತಪಾ? ಆ ಮೀಟರ್ ಬೆಳಕ ಅಳಿಯೋದು ಡಿಬಿಎಂ ಲೆಕ್ಕದಾಗ; ಸೊನ್ನಿ ಡಿಬಿಎಂ ಅಂದ್ರ 1 ಮಿಲಿವ್ಯಾಟ್. ಮೈನಸ್ 27 ಅಂದ್ರ ಅದರ ಐನೂರರಾಗ ಒಂದ ಪಾಲು, 2 ಮೈಕ್ರೊವ್ಯಾಟ್. ಸಾದಾ ಜಿಪಾನ್ (ಒಂದ ಫೈಬರ್ ಹಲವು ಮನಿಗೆ ಹಂಚೋ ಪದ್ಧತಿ) ಮೋಡೆಮ್ಮಿಗೆ ಅದ ಕಟ್ಟಕಡೀ ಗಡಿ, ವಾಯರ್ ಚೂರ ಅಲಗಿದ್ರ ಕಟ್. ಚಸ್ಮಾದ ಮೈನಸ್ ನಂಬರ್ ಅಲ್ಲ ಇದು; ಇಲ್ಲಿ 3 ಡಿಬಿ (ಬೆಳಕ ಎಷ್ಟ ಕಮ್ಮಿ ಆತು ಅನ್ನೋ ಅಳತಿ) ಇಳದ್ರ ಅರ್ಧಕ್ಕರ್ಧ ಬೆಳಕ ಹೋದಂಗ.

ಗಾಜಿನ ಎಳಿಯಾಗ ಕಿಲೋಮೀಟರಿಗೆ ಹೋಗೋದು ಬರೇ 0.35 ಡಿಬಿ. 32 ಮನಿಗೆ ಹಂಚೋ ಸ್ಪ್ಲಿಟರ್ 17 ಡಿಬಿ ತಿಂತೈತಿ, ಅದು ಲೆಕ್ಕದಾಗ ಇದ್ದದ್ದ. ಹಾಳಾಗೋದೆಲ್ಲಾ ಕಂಬದಿಂದ ಮನಿತನಕದ ಐವತ್ತ ಫೂಟಿನ್ಯಾಗ. ಸಾದಾ ಫೈಬರ್ ಸುರುಳಿ ಹೆಣ್ಮಕ್ಕಳ ಬಳಿಗಿಂತ ಸಣ್ಣದ ಆಗಬಾರದು, 6 ಸೆಂಟಿಮೀಟರ್ ಅಗಲ ಬೇಕು. ಇವರು ಬೆರಳಿಗೆ ಸುತ್ತಿ ಮೊಳಿಗೆ ಸಿಗಿಸಿ ಹೋಗತಾರ. ಹಸರ ಕನೆಕ್ಟರ್ ತುದಿ 8 ಡಿಗ್ರಿ ಓರೆ, ನೀಲಿದು ಸಪಾಟ. ಎರಡೂ ಕೂಡಿಸಿ ಒತ್ತಿದ್ರ ನಡುವ ಸಂದ ಉಳದ ಬೆಳಕ ಚದರತೈತಿ. ಬೆಳಕ ಹಾಯೋ ದಾರಿನ 9 ಮೈಕ್ರಾನ್, ಕೂದಲಕ್ಕಿಂತ ಎಷ್ಟೋ ಸಣ್ಣದು. ಅದನ್ನ ಪ್ಯಾಂಟಿಗೆ ಒರಿಸಿ ಚುಚ್ಚತಾರ! ಐಸೊಪ್ರೊಪೈಲ್ ಆಲ್ಕೋಹಾಲ್ ಎರಡ ಹನಿ, ಎಳಿ ಬಿಡದ ಒರೆಸೋ ಕಾಗದ, ಅಷ್ಟ ಸಾಕಿತ್ತು. (ತುದಿಗೆ ಕಣ್ಣ ಹಚ್ಚಿ ನೋಡಬ್ಯಾಡ್ರಿ ಮತ್ತ. 1490 ನ್ಯಾನೊಮೀಟರ್ ಬೆಳಕ ಕಣ್ಣಿಗೆ ಕಾಣಂಗಿಲ್ಲ, ಕಾಣದಿದ್ರೂ ಕಣ್ಣಿಗೆ ಕೇಡು.)

ಕಬ್ಬಿನ ಹಂಗಾಮ ಬಂತಂದ್ರಂತೂ ಕೇಳಬ್ಯಾಡ್ರಿ. ಎತ್ತರ ಹೇರಿದ ಟ್ರಾಲಿ ಜೋತಬಿದ್ದ ವಾಯರ್ ಎಳಕೊಂಡ ಹೊಕ್ಕಾವ. ಮಷೀನಿನ್ಯಾಗ ಬೆಸದ್ರ ಜಾಯಿಂಟಿಗೆ 0.1 ಡಿಬಿ ಸುದ್ದಾ ಹೋಗಂಗಿಲ್ಲ. ಇವರು ಪ್ಲಾಸ್ಟಿಕ್ ಕನೆಕ್ಟರ್ ತುರಕಿ, ಕರೀ ಟೇಪ್ ಸುತ್ತಿ, ಬೇವಿನ ಗಿಡಕ್ಕ ಕಟ್ಟತಾರ.

ಮುಂದಿನ ಸಲ ಕಂಬದ ಡಬ್ಬಿಯಾಗ ಒಮ್ಮೆ, ಮನಿಯೊಳಗ ಒಮ್ಮೆ ಮೀಟರ್ ಹಚ್ಚಸ್ರಿ. 1 ಡಿಬಿಗಿಂತ ಹೆಚ್ಚ ಫರಕ ಬಂದ್ರ ತಪ್ಪು ಅವರ ವಾಯರಿಂದು. ಮೀಟರ್ ತಂದಿಲ್ಲಾ? ಗೇಟಿನ್ಯಾಗಿಂದನ ತಿರಗಿಸಿ ಕಳಸ್ರಿ.