ಒಳ್ಳೆಯವನು ಅವನೇ, ಪ್ರಶಸ್ತಿ ಮಾತ್ರ ಇವನಿಗೆ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 2024ರ ಲೀಗ್ ಹಂತ ಮುಗಿದ ಬೆನ್ನಿಗೇ ಅಸೋಸಿಯೇಟೆಡ್ ಪ್ರೆಸ್ ಆರಿಸಿದ ಐವತ್ತು ಮಂದಿ ಕ್ರೀಡಾ ಪಂಡಿತರು ಮತ ಹಾಕಲು ಕೂತರು. ವರ್ಷದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನು, ಯಾರು ಎಂದು ಕೇಳಿದ್ದಕ್ಕೆ 30 ಮಂದಿ ಬಾಲ್ಟಿಮೋರ್ ರೇವನ್ಸ್‌ನ ಲಮಾರ್ ಜಾಕ್ಸನ್ ಎಂದರು, 18 ಮಂದಿ ಬಫಲೋ ಬಿಲ್ಸ್‌ನ ಜೋಶ್ ಆಲನ್ ಎಂದರು. ಸರಿ, ಹಾಗಾದರೆ ಎಂವಿಪಿ, ಅಂದರೆ ಲೀಗ್‌ನ ಅತ್ಯಮೂಲ್ಯ ಆಟಗಾರ, ಯಾರು? ಅದೇ ಐವತ್ತು ತಲೆಗಳು ಲೆಕ್ಕ ಹಾಕಿ ಹೇಳಿದವು: ಆಲನ್ 27, ಜಾಕ್ಸನ್ 23.

ಅಂದರೆ ಕನಿಷ್ಠ ಒಂಬತ್ತು ಮಂದಿಯ ನಿಲುವು ಹೀಗಿತ್ತು: ಆಲನ್‌ಗಿಂತ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದಾನೆ, ಆದರೆ 2013ರಿಂದ ಕ್ವಾರ್ಟರ್‌ಬ್ಯಾಕ್‌ಗಳನ್ನು ಬಿಟ್ಟು ಇನ್ನಾರಿಗೂ ಸಿಗದ ಪ್ರಶಸ್ತಿ ಆಲನ್‌ಗೇ ಸಲ್ಲಬೇಕು.

ಇದರಲ್ಲಿ ಗೊಂದಲವೇನೂ ಇಲ್ಲ. ಮತದಾರರು ಐದು ಹೆಸರುಗಳನ್ನು ಕ್ರಮವಾಗಿ ಬರೆಯಬೇಕು, ಅವಕ್ಕೆ 10, 5, 3, 2, 1 ಅಂಕ, ಕೂಡಿದರೆ ಆಲನ್‌ಗೆ 383, ಜಾಕ್ಸನ್‌ಗೆ 362. ಕೂಡುವ ವಿಧಾನ ಇಷ್ಟು ಕರಾರುವಾಕ್ಕು. ಏನನ್ನು ನೋಡಿ ಹೆಸರು ಬರೆಯಬೇಕು ಎಂಬುದಕ್ಕೆ ಮಾತ್ರ ಮಾನದಂಡವಿಲ್ಲ. ಹಾಗಾಗಿ ಅನುಭವಿಗಳು ಮೊದಲು ಆಟಗಾರನನ್ನು ಆರಿಸಿಕೊಳ್ಳುತ್ತಾರೆ, ಮಾನದಂಡವನ್ನು ಆಮೇಲೆ ಅವನ ಅಳತೆಗೆ ಹೊಲಿಸುತ್ತಾರೆ.

ಹೊಲಿಗೆ ಹೇಗೆ ನಡೆಯಿತು ನೋಡಿ. ಜಾಕ್ಸನ್ 4,172 ಗಜ ಎಸೆದ, 41 ಟಚ್‌ಡೌನ್ (ಚೆಂಡಿನೊಡನೆ ಎದುರಾಳಿಯ ಗೆರೆ ದಾಟಿ ಗಳಿಸುವ ಅಂಕ), ಎದುರಾಳಿಯ ಕೈಗೆ ಹೋದ ಚೆಂಡು, ಅಂದರೆ ಇಂಟರ್‌ಸೆಪ್ಷನ್, ನಾಲ್ಕೇ ನಾಲ್ಕು. ಆಲನ್ 3,731 ಗಜ, 28 ಟಚ್‌ಡೌನ್, ಆರು ಇಂಟರ್‌ಸೆಪ್ಷನ್. ಆಲನ್ ಪರ ವಕೀಲರು ಇಲ್ಲಿ ಕೆಮ್ಮಿ, 'ಅಂಕಿಅಂಶವೇ ಎಲ್ಲವೂ ಅಲ್ಲ' ಎಂದು ಶುರು ಮಾಡಿ, ಎರಡೇ ಉಸಿರಿನಲ್ಲಿ ಅವನು ಓಡಿ ಗಳಿಸಿದ 12 ಟಚ್‌ಡೌನ್‌ಗಳ ಅಂಕಿಅಂಶ ತೆಗೆದರು. ಆಮೇಲೆ ಸಹವಾಸ ದೋಷ. ಜಾಕ್ಸನ್ ಪಕ್ಕದಲ್ಲಿ 1,921 ಗಜ ಓಡಿದ ಡೆರಿಕ್ ಹೆನ್ರಿ ಇದ್ದ, ಆದ್ದರಿಂದ ಜಾಕ್ಸನ್‌ನ ಅಂಕ ಕಳೆಯಬೇಕು. ಆಲನ್‌ಗೆ ಎಸೆತ ಹಿಡಿದು ಸಾವಿರ ಗಜ ಮುಟ್ಟಿದ ಒಬ್ಬ ರಿಸೀವರೂ ಇರಲಿಲ್ಲ, ಆದ್ದರಿಂದ ಕೂಡಬೇಕು.

ಒಳ್ಳೆಯದು, ಜೊತೆಗಾರರು ದುರ್ಬಲರಾದಷ್ಟೂ ಬೆಲೆ ಹೆಚ್ಚು ಎನ್ನೋಣ. ಹಾಗಾದರೆ ಸಿನ್ಸಿನಾಟಿಯ ಜೋ ಬರೋ? 4,918 ಗಜ, 43 ಟಚ್‌ಡೌನ್, ಎರಡರಲ್ಲೂ ಲೀಗ್‌ಗೇ ಮೊದಲಿಗ. ಅವನು ಅತ್ತ ಗಳಿಸಿದ್ದನ್ನು ಇತ್ತ ತಂಡದ ಡಿಫೆನ್ಸ್ ಧಾರೆ ಎರೆಯುತ್ತಿತ್ತು, ಹೀಗಾಗಿ 9 ಗೆಲುವು, 8 ಸೋಲು. 'ತಂಡ ಪ್ಲೇಆಫ್‌ಗೇ ಹೋಗಲಿಲ್ಲವಲ್ಲ' ಎಂದು ನಾಲ್ಕನೇ ಸ್ಥಾನ. ತಂಡ ಕೆಟ್ಟದಾಗಿರಬೇಕು, ಆದರೆ ಗೆಲ್ಲುತ್ತಲೂ ಇರಬೇಕು. ಬಿಲ್ಸ್ 13-4, ರೇವನ್ಸ್ 12-5. ಇವರಿಬ್ಬರೇ ಎದುರಾದ ಸೆಪ್ಟೆಂಬರ್ ಪಂದ್ಯವನ್ನು ರೇವನ್ಸ್ 35-10ರಿಂದ ಗೆದ್ದಿತ್ತು. ಅದು ಬಹಳ ಹಿಂದಿನ ಮಾತು, ಬಿಡಿ.

ವಾದ ಬಿಸಿಯೇರಿದಾಗ ಯಾರಾದರೊಬ್ಬರು ಪಾಸರ್ ರೇಟಿಂಗ್ ತೆಗೆಯುತ್ತಾರೆ. 1973ರಿಂದ ಬಳಕೆಯಲ್ಲಿರುವ ಈ ಸೂತ್ರ ನಾಲ್ಕು ಭಾಗದ್ದು: ಪ್ರತಿ ಎಸೆತಕ್ಕೆ ಎಷ್ಟು ಕೈಸೇರಿದವು, ಎಷ್ಟು ಗಜ, ಎಷ್ಟು ಟಚ್‌ಡೌನ್, ಎಷ್ಟು ಇಂಟರ್‌ಸೆಪ್ಷನ್. ಒಂದೊಂದಕ್ಕೂ ಗರಿಷ್ಠ 2.375, ಎಲ್ಲ ಕೂಡಿ, ಆರರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಪೂರ್ಣಾಂಕ 158.3. ನೂರಕ್ಕೆ ನಿಲ್ಲಿಸಲು ಯಾರಿಗೂ ಹೊಳೆದಂತಿಲ್ಲ. ಇನ್ನು ಒಬ್ಬ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯ ಒಂದೂ ಬಿಡದೆ ಚೆಂಡನ್ನೆಲ್ಲ ಹುಲ್ಲಿಗೇ ಎಸೆದನೆನ್ನಿ. ಎದುರಾಳಿಗೆ ಸಿಕ್ಕಿಲ್ಲವಾದ್ದರಿಂದ ನಾಲ್ಕನೇ ಭಾಗದ 2.375 ಪೂರ್ತಿ ಅವನದೇ, ರೇಟಿಂಗ್ 39.6. ಎಷ್ಟೋ ಪರೀಕ್ಷೆಗಳಲ್ಲಿ ಇದಕ್ಕೆ ಪಾಸು ಮಾಡುತ್ತಾರೆ. ಅದೇ ಅವನು ಕರಾರುವಾಕ್ಕಾಗಿ ಎಸೆದ ಚೆಂಡು ರಿಸೀವರ್‌ನ ಅಂಗೈಗೆ ಬಡಿದು ಪುಟಿದು ಎದುರಾಳಿಯ ಪಾಲಾದರೆ ತಪ್ಪು ಎಸೆದವನ ಖಾತೆಗೆ. ಓಡಿದ ಗಜಗಳಿಗೆ ಇಲ್ಲಿ ಜಾಗವಿಲ್ಲ, ಎಸೆಯುವ ಮುನ್ನವೇ ಸ್ಯಾಕ್ ಆಗಿ ಮಣ್ಣು ಮುಕ್ಕಿದ್ದಕ್ಕೆ ದಂಡವೂ ಇಲ್ಲ.

ಖಾತೆ ಬರೆಯುವವರ ಕೈಚಳಕ ಪೂರ್ತಿ ಕಂಡದ್ದು ಡಿಸೆಂಬರ್ 1ರಂದು, ಹಿಮ ಸುರಿಯುತ್ತಿದ್ದ ಬಫಲೋದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ ಆಲನ್ ಚೆಂಡನ್ನು ಅಮಾರಿ ಕೂಪರ್‌ಗೆ ಎಸೆದ. ಕೂಪರ್‌ನನ್ನು ಎದುರಾಳಿಗಳು ಹಿಡಿದುಕೊಂಡರು, ಅವನು ಹಿಂದೆ ಓಡಿಬಂದ ಆಲನ್‌ಗೇ ಚೆಂಡು ದಾಟಿಸಿದ, ಆಲನ್ ಮೂಲೆಯತ್ತ ನುಗ್ಗಿ ಗೆರೆ ದಾಟಿದ. ಒಂದೇ ಟಚ್‌ಡೌನ್‌ಗೆ ಎರಡು ರಸೀದಿ: ಎಸೆದವನು ಆಲನ್, ಪಡೆದವನೂ ಆಲನ್. ಒಳ್ಳೆಯ ರಿಸೀವರ್ ಇಲ್ಲ ಎಂಬ ಗೋಳಿಗೆ ಇದಕ್ಕಿಂತ ದಾಖಲೆ ಬೇಕೆ?

ಜಾಕ್ಸನ್‌ನ ಇನ್ನೊಂದು ಅಪರಾಧ, 2019 ಮತ್ತು 2023ರಲ್ಲಿ ಇದೇ ಪ್ರಶಸ್ತಿ ಗೆದ್ದದ್ದು. ಮೊದಲ ಸಲ ಐವತ್ತಕ್ಕೆ ಐವತ್ತು ಮತ, ಎರಡನೇ ಸಲ 49. ಮೂರನೇ ಸಲವೂ ಚೆನ್ನಾಗಿ ಆಡಿದರೆ ಮತದಾರರಿಗೆ ಬೇಸರವಾಗದೆ ಇರುತ್ತದೆಯೇ? ಆಲನ್ ಕೆಟ್ಟ ಆಯ್ಕೆಯಲ್ಲ, ಅದು ಬೇರೆ ಮಾತು.

ಫಿಲಡೆಲ್ಫಿಯಾ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ ಅದೇ ವರ್ಷ 2,005 ಗಜ ಓಡಿದ. ರನ್ನಿಂಗ್ ಬ್ಯಾಕ್ ಆದ ತಪ್ಪಿಗೆ ಮೂರನೇ ಸ್ಥಾನ, ಮೊದಲ ಆಯ್ಕೆಯ ಮತ ಒಂದೂ ಇಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಎಸೆಯಲು ಮೂರು ಸೆಕೆಂಡು ಉಳಿಸಿಕೊಡಲು ಮೈಯೊಡ್ಡುವ ಐವರು ಲೈನ್‌ಮನ್‌ಗಳ ಪೈಕಿ ಈವರೆಗೆ ಒಬ್ಬನೂ ಎಂವಿಪಿ ಆಗಿಲ್ಲ. ಫುಟ್‌ಬಾಲ್ ಎಂಬ ಹೆಸರಿಗೆ ತಕ್ಕಂತೆ ಚೆಂಡು ಒದೆಯುವುದೇ ಕೆಲಸವಾದವನಿಗೆ ಒಮ್ಮೆ ಸಿಕ್ಕಿತ್ತು: 1982ರಲ್ಲಿ ವಾಷಿಂಗ್ಟನ್‌ನ ಮಾರ್ಕ್ ಮೋಸ್ಲಿ. ಆಟಗಾರರ ಮುಷ್ಕರದಿಂದ ಒಂಬತ್ತೇ ಪಂದ್ಯ ನಡೆದ ವರ್ಷವದು.

2025ರ ಜನವರಿಯ ಪ್ಲೇಆಫ್‌ನಲ್ಲಿ ಬಿಲ್ಸ್ 27-25ರಿಂದ ರೇವನ್ಸ್ ತಂಡವನ್ನು ಸೋಲಿಸಿದಾಗ 'ನೋಡಿದಿರಾ, ಆಲನ್‌ಗೆ ಯಾಕೆ ಕೊಡಬೇಕೆಂದು' ಎಂದವರು ಬಹಳ. ಮತದಾನ ಅಷ್ಟರಲ್ಲಾಗಲೇ ಮುಗಿದಿತ್ತು. ಫೆಬ್ರವರಿ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಫಲಿತಾಂಶ ಓದಿದರು. ಮೂರು ದಿನ ಬಿಟ್ಟು ಅದೇ ಊರಲ್ಲಿ ಲೀಗ್‌ನ ಫೈನಲ್, ಸೂಪರ್ ಬೌಲ್. ಈಗಲ್ಸ್‌ನ ಡಿಫೆನ್ಸ್ ಕ್ಯಾನ್ಸಸ್ ಸಿಟಿಯ ಎಸೆತಗಾರ ಮಹೋಮ್ಸ್‌ನನ್ನು ಆರು ಸಲ ನೆಲಕ್ಕೆ ಕೆಡವಿತು, 40-22ರಿಂದ ಪಂದ್ಯ ಗೆದ್ದುಕೊಟ್ಟಿತು. ಆ ಪಂದ್ಯದ ಎಂವಿಪಿ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್.